ಸಹಾಯ ಬೇಕು: ಎಣ್ಮಕಜೆಯ ಅಮ್ಮಂದಿರ ಮಾತು ಬರೆದುಕೊಳ್ಳಲು

ಎಲ್ಲರಿಗೂ ನಮಸ್ಕಾರ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದ ಮಕ್ಕಳನ್ನು ಸಾಕುತ್ತಿರುವ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ಅಮ್ಮಂದಿರ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ವಿಷ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದರ ಬಳಕೆಯನ್ನೇ ತಡೆದದ್ದು ನಮಗೆಲ್ಲ ಗೊತ್ತು. ಬೆಳೆದ ಮಗನನ್ನು ದಿನಾ ಎತ್ತಿ ಮೀಯಿಸುವ ತಾಯಿಯ ಸೊಂಟನೋವು ಮಾತ್ರ ನಾನು ಓದಿದ ವರದಿಗಳಲ್ಲಿ ಸಿಗಲಿಲ್ಲ.

"ಫೋಟೋ ತೆಗೆದುಕೊಂಡು ಹೋದವರು ಮತ್ತೆ ಈ ಕಡೆ ಬರಲೇ ಇಲ್ಲ" ಎಂದರು ಒಬ್ಬ ಅಕ್ಕ. ನ್ಯಾಯವಾದ ಮಾತು. ಒಡನಾಟ ಹೆಚ್ಚಿದಷ್ಟೂ ಜನರನ್ನು ಬಳಸಿಕೊಳ್ಳುವ ಅಪಾಯವೂ ಹೆಚ್ಚು ಎಂದು ಸ್ತ್ರೀವಾದಿ ಸಮಾಜಶಾಸ್ತ್ರಜ್ಞೆ ಜೂಡಿತ್ ಸ್ಟೇಸಿ 1988ರಲ್ಲೇ ಎಚ್ಚರಿಸಿದ್ದರು. ಅದಕ್ಕೇ ಬರೆದದ್ದನ್ನು ಆ ಅಮ್ಮಂದಿರೆದುರು ಓದಿ, ಬೇಡವೆಂದದ್ದನ್ನು ಹೊಡೆದುಹಾಕಿಯೇ ಮುಂದುವರಿಯುತ್ತೇನೆ.

ತುಳು, ಮಲಯಾಳ, ಮರಾಠಿ ರೆಕಾರ್ಡಿಂಗುಗಳನ್ನು ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಡಬಲ್ಲ ಹೆಂಗಸರು ಬೇಕು. ಗಂಡಸರು ಎದುರಿಗಿದ್ದರೆ ಮನೆಯೊಳಗಿನ ಸಂಗತಿ ಹೊರಗೆ ಬರುವುದೇ ಇಲ್ಲ. ಕೆಲಸಕ್ಕೆ ಹಣ ಕೊಡುತ್ತೇನೆ, ಒಪ್ಪಿದರೆ ಪ್ರಬಂಧದಲ್ಲಿ ಹೆಸರೂ ಇರುತ್ತದೆ. ಅಮ್ಮ ಮಾತಾಡುವಷ್ಟು ಹೊತ್ತು ಮಗುವಿನ ಹತ್ತಿರ ಕೂರಬಲ್ಲವರು ಪೆರ್ಲ, ಬದಿಯಡ್ಕ ಕಡೆ ಯಾರಾದರೂ ಇದ್ದೀರಾ? ಇದು ತುಂಬಾ ಮುಖ್ಯ. ದಯವಿಟ್ಟು ಇನ್‌ಬಾಕ್ಸ್ ಮಾಡಿ.