ಆಗಸ್ಟಾ 13ನೇ ಹೋಲ್‌ನ ಸಹಿ ಇರುವ ಪ್ರಿಂಟ್ ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಶಾರ್ಲೆಟ್ ಅಳಿಯ: ಇಲ್ಲಿ ಒಬ್ಬರು ಮನೆ ಖಾಲಿ ಮಾಡುತ್ತಾ ಸಾಮಾನು ಮಾರುತ್ತಿದ್ದಾರೆ. ಅದರಲ್ಲಿ ಗಾಲ್ಫ್ ಮೈದಾನಗಳ ಚಿತ್ರ ಬರೆಯುವ ಲಿಂಡಾ ಹಾರ್ಟೋ ಅವರ ಪ್ರಿಂಟ್ ಇದೆ, ಅಮೆರಿಕದ ಆಗಸ್ಟಾ ನ್ಯಾಷನಲ್ ಗಾಲ್ಫ್ ಕ್ಲಬ್ಬಿನ 13ನೇ ಹೋಲ್‌ನದು. ಪೆನ್ಸಿಲ್ ಸಹಿ, ನಂಬರ್ ಎರಡೂ ಇವೆ, ಸರ್ಟಿಫಿಕೇಟ್ ಇಲ್ಲ. ಫ್ರೇಮ್ ಸೇರಿ 400 ಡಾಲರ್. ಮೈಸೂರಿನಲ್ಲಿರುವ ಮಾವನವರಿಗೆ 70 ತುಂಬುತ್ತದೆ, ಅವರಿಗೆ ಗಾಲ್ಫ್ ಅಂದರೆ ಪ್ರಾಣ. ತಗೊಳ್ಳಲಾ? ಕಳಿಸುವುದು ಹೇಗೆ?

ಬೋಗಿ ಭಟ್ಟ, ಅಟ್ಲಾಂಟಾ: ನನ್ನ ಕಥೆ ಕೇಳಿ. 2006ರಲ್ಲಿ ಇದೇ ಪ್ರಿಂಟನ್ನು ಗ್ಯಾಲರಿಯಲ್ಲಿ 1,100 ಡಾಲರ್ ಕೊಟ್ಟು ತಂದೆ. ಫ್ರೇಮ್‌ಗೆ ಬೇರೆ 340. ಮನೆಗೆ ತಂದುಕೊಡಲು 45. "ಎಡಿಷನ್ (ನಂಬರ್ ಹಾಕಿದ ಪ್ರತಿಗಳು) ಮುಗಿಯುತ್ತಾ ಬಂತು, ಬೆಲೆ ಏರೋದೇ" ಅಂದಿದ್ದರು. ಹೋದ ವರ್ಷ ಮಾರಲು ಹೋದೆ. ಬಂದವನು ಹಿಂದೆ ತಿರುಗಿಸಿ ನೋಡಿದ. ಫ್ರೇಮ್ ಅಂಗಡಿಯವನು ಇಡೀ ಹಾಳೆಯನ್ನು ಫೋಮ್ ಹಲಗೆಗೆ ಬಿಸಿ ಮಾಡಿ ಅಂಟಿಸಿಬಿಟ್ಟಿದ್ದ! ಅಂಟಿಸಿದ ಪ್ರಿಂಟಿಗೆ ಸಂಗ್ರಹಕಾರರು ಕಾಸು ಬಿಚ್ಚುವುದಿಲ್ಲ. 150 ಅಂದ. ಸಾಲದ್ದಕ್ಕೆ ಪಶ್ಚಿಮದ ಕಿಟಕಿ ಎದುರಿಗೆ, ಸಾದಾ ಗಾಜಿನಲ್ಲಿ ಹಾಕಿದ್ದೆ. ಗುಲಾಬಿ ಬಣ್ಣದ ಅಜೇಲಿಯಾ ಹೂವೆಲ್ಲ ಈಗ ನೀಲಿ ನೀಲಿ. ಆಫ್‌ಸೆಟ್, ಅಂದರೆ ಮಷೀನ್ ಮುದ್ರಣದ ಶಾಯಿಯಲ್ಲಿ ಮೊದಲು ಓಡಿಹೋಗುವುದೇ ಕೆಂಪು ಮತ್ತು ಹಳದಿ. ಎಷ್ಟಾದರೂ ಅದು ಸಹಿ ಹಾಕಿದ ಕ್ಯಾಲೆಂಡರ್ ಅಷ್ಟೇ.

ಡಾಲಸ್ ಅಕ್ಕ: ಭಟ್ರೇ, ಕ್ಯಾಲೆಂಡರ್ ಅನ್ನುವ ಮೊದಲು ಕೈ ಮುಗಿದು ಅನ್ನಿ. 1984ರಲ್ಲಿ ಆಗಸ್ಟಾ ನ್ಯಾಷನಲ್‌ನವರೇ ಕರೆದು ಆಕೆಯಿಂದ 13ನೇ ಹೋಲ್ ಬರೆಸಿದ್ದು. ಆಮೇಲೆ ಅಮೆರಿಕನ್ ಓಪನ್‌ಗೂ ಬ್ರಿಟಿಷ್ ಓಪನ್‌ಗೂ ಆಕೆಯದೇ ಚಿತ್ರ. ನನ್ನ ಹತ್ತಿರ ಇರುವುದು ಪೆಬಲ್ ಬೀಚ್ ಗಾಲ್ಫ್ ಮೈದಾನದ್ದು, ಆರ್ಟಿಸ್ಟ್ ಪ್ರೂಫ್ (ಕಲಾವಿದರಿಗೆ ಅಂತ ಬೇರೆ ಇಟ್ಟ ಪ್ರತಿ). ಮೊದಲ ಕೆಲಸ ಕಳೆದುಕೊಂಡ ವರ್ಷ, ಕ್ರೆಡಿಟ್ ಕಾರ್ಡ್ ಮೇಲೆ ತಗೊಂಡೆ. ಹದಿನಾಲ್ಕು ತಿಂಗಳು ತೀರಿಸಿದೆ. ಯಜಮಾನರು ಮೂರು ವಾರ ಮಾತು ಬಿಟ್ಟಿದ್ದರು. ಇವತ್ತು ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ. ಮಾರುವುದಕ್ಕೆ ತಗೊಂಡವರಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ.

ಬೋಗಿ ಭಟ್ಟ: ಅಕ್ಕ, ಪ್ರೂಫ್ ಅಂದರೂ ಅದೇ ಮಷೀನು, ಅದೇ ಶಾಯಿ. ಲೆನ್ಸ್ ಇಟ್ಟು ನೋಡಿ, ಮಷೀನ್ ಮುದ್ರಣದ ಚುಕ್ಕಿ ಕಾಣುತ್ತದೆ.

ಕುಡ್ಲದ ಮಾಣಿ: ಚುಕ್ಕಿ ವಿಷಯ ನನ್ನ ಹತ್ತಿರ ಕೇಳಿ ಮಾರಾಯ್ರೆ. ನಾನು ಅಪ್ಪನಿಗೆ ಅಂತ ನ್ಯೂಜೆರ್ಸಿಯಿಂದ ಮಂಗಳೂರಿಗೆ ಕಳಿಸಿದೆ, ಗಾಜು ಫ್ರೇಮ್ ಸಮೇತ. ಬುದ್ಧಿ ಇರಲಿಲ್ಲ. ಕೊರಿಯರ್‌ಗೆ 212 ಡಾಲರ್. ಏಜೆಂಟ್ ಅದನ್ನು ಕೈಯಲ್ಲಿ ಮಾಡಿದ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಅಂತ ಕಸ್ಟಮ್ಸ್ ಕೋಡ್ 9702ರಲ್ಲಿ ಬರೆದ. ಕಸ್ಟಮ್ಸ್‌ನಲ್ಲಿ ನಿಜವಾಗಿ ಲೆನ್ಸ್ ಇಟ್ಟು ನೋಡಿದರಂತೆ. ಚುಕ್ಕಿ ಇದೆ, ಮಷೀನ್ ಮುದ್ರಣ, ಕೋಡ್ 4911ಕ್ಕೆ ಬರುತ್ತದೆ ಅಂದರು. ಕಾಗದ ತಿದ್ದಿಸುವಷ್ಟರಲ್ಲಿ 11 ದಿನ. ಗೋಡೌನ್ ಬಾಡಿಗೆ ನಮ್ಮದೇ. ಬಿಚ್ಚಿದರೆ ಗಾಜು ಪುಡಿ, ಚೂರು ತಾಗಿ ಆಕಾಶದ ಮೇಲೆ ಉದ್ದ ಗೀರು. ಅಪ್ಪ ಹೊಸ ಗಾಜನ್ನು ಪ್ರಿಂಟಿಗೆ ತಾಗಿಸಿಯೇ ಹಾಕಿಸಿದರು, ನಡುವೆ ರಟ್ಟಿನ ಅಂಚು ಇಲ್ಲ. ಎರಡು ಮಳೆಗಾಲದಲ್ಲಿ ಬೂಷ್ಟು. ಈಗ ಗಾಜಿಗೆ ಅಂಟಿಕೊಂಡಿದೆ, ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಫ್ರೇಮ್ ಬಿಚ್ಚಿ, ದಪ್ಪ ಕೊಳವೆಯಲ್ಲಿ ಸಡಿಲವಾಗಿ ಸುತ್ತಿ ಕೈಯಲ್ಲೇ ಒಯ್ಯಬೇಕಿತ್ತು.

ಶಾರ್ಲೆಟ್ ಅಳಿಯ: ಸರಿ ಸಾರ್. ಆದರೆ ಸರ್ಟಿಫಿಕೇಟ್ ಇಲ್ಲದಿದ್ದರೆ?

ಹಳೇ ಕ್ಯಾಡಿ: ನೀವೆಲ್ಲ ಹಾಳೆ ಬಗ್ಗೆ ಜಗಳ ಆಡ್ತಿದ್ದೀರಿ. ಆ ಹೋಲೇ ಈಗ ಇಲ್ಲವಲ್ಲ! 2023ರಲ್ಲಿ ಟೀ (ಮೊದಲ ಏಟು ಹೊಡೆಯುವ ಜಾಗ) 35 ಗಜ ಹಿಂದೆ ಹೋಯಿತು. 510 ಗಜ ಇದ್ದ ಹೋಲ್ 545 ಆಯಿತು. ಅದಕ್ಕೇ ಅಂತ ಪಕ್ಕದ ಕ್ಲಬ್ಬಿನಿಂದ ನೆಲ ಕೊಂಡರು. ಎರಡೇ ಏಟಿಗೆ ಗ್ರೀನ್ (ಗುಳಿ ಇರುವ ಹುಲ್ಲುನೆಲ) ಮುಟ್ಟುವ ಧೈರ್ಯವೇ ಆ ಹೋಲ್‌ನ ಜೀವ. ಅದನ್ನು ಕೊಂದರು.

ಡಾಲಸ್ ಅಕ್ಕ: ಚಿತ್ರದಲ್ಲಿ ಇರುವುದು ಗ್ರೀನ್, ತೊರೆ, ಹೂವು. ಟೀ ಎಲ್ಲಿ ಕಂಡಿತು ನಿಮಗೆ?

ಹಳೇ ಕ್ಯಾಡಿ: ಟೀ ಕಾಣದಿದ್ದರೆ ಹೋಲ್ ಅರ್ಥ ಆಗುತ್ತಾ ಅಕ್ಕ? ಆಡಿದವರಿಗೆ ಗೊತ್ತು.

ಡಾಲಸ್ ಅಕ್ಕ: ಆಗಸ್ಟಾದಲ್ಲಿ ಆಡಿದ್ದೀರಾ?

ಹಳೇ ಕ್ಯಾಡಿ: ಬೆಂಗಳೂರಲ್ಲಿ ಒಂಬತ್ತು ವರ್ಷ ಬೇರೆಯವರ ಬ್ಯಾಗ್ ಹೊತ್ತಿದ್ದೇನೆ. 1876ರ ಕ್ಲಬ್ಬು ಅದು, ನಿಮ್ಮ ಆಗಸ್ಟಾಗಿಂತ ಹಳೆಯದು. ಅದರ ಚಿತ್ರ ಯಾಕೆ ಯಾರೂ ಕೇಳಲ್ಲ?

ಬೋಗಿ ಭಟ್ಟ: ಅದನ್ನೂ ಫೋಮ್‌ಗೆ ಅಂಟಿಸ್ತಾರೆ, ಸುಮ್ನಿರಿ.

ಡಾಲಸ್ ಅಕ್ಕ: ಭಟ್ರೇ, ಅಷ್ಟು ಬೇಜಾರಿದ್ದರೆ ಆ 150ಕ್ಕೆ ನನಗೇ ಕೊಡಿ. ನೀಲಿ ಹೂವಾದರೂ ಪರವಾಗಿಲ್ಲ.

ಬೋಗಿ ಭಟ್ಟ: 200. ಫ್ರೇಮ್ ಬಿಟ್ಟು.