ಓದುಗರ ಸ್ಪಂದನ: ಮಗಳಿಗೆ ಲಕ್ಷಾಂತರ ಅಭಿಮಾನಿಗಳು, ಸಹಿ ಹಾಕಲು ತಾಯಿಗೆ ಮನಸ್ಸಿಲ್ಲ

ಹದಿನಾರರ ಮಗಳು ನೃತ್ಯದ ಕಿರುವಿಡಿಯೊಗಳಿಂದ ಕೆಲವೇ ತಿಂಗಳಲ್ಲಿ ಲಕ್ಷಾಂತರ ಮಂದಿಗೆ ಪರಿಚಿತಳಾಗಿದ್ದಾಳೆ. ಪ್ರಚಾರ ಸಂಸ್ಥೆಯೊಂದು ಮೂರು ವರ್ಷಗಳ ಒಪ್ಪಂದ ಕಳುಹಿಸಿದೆ. ಅವಳು ಶಾಲೆ ಬಿಡುವ ಮಾತಾಡುತ್ತಿದ್ದಾಳೆ. ಪತಿ ಒಪ್ಪಿದ್ದಾರೆ, ತಮಗೆ ಮಾತ್ರ ಸಹಿ ಹಾಕಲು ಮನಸ್ಸಾಗುತ್ತಿಲ್ಲ ಎಂದು ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ‘ನಾನು ಅವಳ ಏಳಿಗೆಗೆ ಅಡ್ಡಗಾಲಾಗುತ್ತಿದ್ದೇನೆಯೇ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಸಹಿ ಹಾಕಿ ಎಂದವರೇ ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. — ಸಂ.

ಹೌದು, ಅಡ್ಡಗಾಲಾಗುತ್ತಿದ್ದೀರಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಚಾರ್ಲಿ ಡಿಅಮೆಲಿಯೊ 2019ರಲ್ಲಿ ತನ್ನ ಕೋಣೆಯಲ್ಲಿ ಕುಣಿದು ಟಿಕ್‌ಟಾಕ್‌ಗೆ ವಿಡಿಯೊ ಹಾಕತೊಡಗಿದಾಗ ಅವಳಿಗೆ ಹದಿನೈದು ವರ್ಷ. 2020ರ ನವೆಂಬರ್‌ನಲ್ಲಿ ಆ ವೇದಿಕೆಯಲ್ಲಿ 10 ಕೋಟಿ ಫಾಲೋವರ್‌ಗಳನ್ನು ಪಡೆದ ಮೊದಲ ವ್ಯಕ್ತಿ ಅವಳೇ. ಜಾಹೀರಾತು, ಉಡುಪಿನ ಬ್ರ್ಯಾಂಡ್, ಇಡೀ ಕುಟುಂಬದ ಬಗ್ಗೆ ಟಿವಿ ಸರಣಿ ಎಲ್ಲವೂ ಬಂದವು. 2022ರಲ್ಲಿ ‘ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್’ ಸ್ಪರ್ಧೆ ಗೆದ್ದಳು, 2024ರಲ್ಲಿ ಬ್ರಾಡ್‌ವೇ ರಂಗಭೂಮಿಗೂ ಕಾಲಿಟ್ಟಳು. ಅಂದು ಅವಳ ತಾಯಿ ಫೋನ್ ಕಿತ್ತಿಟ್ಟುಕೊಂಡಿದ್ದರೆ ಇವುಗಳಲ್ಲಿ ಯಾವುದು ಆಗುತ್ತಿತ್ತು? ಅದೃಷ್ಟ ಬಾಗಿಲು ತಟ್ಟಿದಾಗ ಚಿಲಕ ಹಾಕಿ ಕೂರುವುದು ಎಚ್ಚರಿಕೆಯಲ್ಲ, ಬರೀ ಭಯ.
— ಪದವಿ ವಿದ್ಯಾರ್ಥಿನಿ

ಇದೇ ಉದಾಹರಣೆಯನ್ನು ತಾವು ಬೇರೆ ಕಡೆಯಿಂದ ನೋಡುವುದಾಗಿ ನೃತ್ಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ. — ಸಂ.

ಚಾರ್ಲಿಯ ಹೆಸರು ಹೇಳುವವರೆಲ್ಲ ಅವಳು ಫೋನಿನ ಮುಂದೆ ನಿಲ್ಲುವ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಪರ್ಧೆಗಳಿಗಾಗಿ ನೃತ್ಯ ಕಲಿತಿದ್ದಳೆಂಬುದನ್ನು ಬಿಟ್ಟುಬಿಡುತ್ತಾರೆ. ಇನ್ನೊಂದನ್ನೂ ಬಿಡುತ್ತಾರೆ. ಅವಳ ಹೆಸರಿನೊಂದಿಗೆ ಮನೆಮಾತಾದ ‘ರೆನೆಗೇಡ್’ ನೃತ್ಯವನ್ನು ಸಂಯೋಜಿಸಿದವಳು ಅವಳಲ್ಲ; ಅಟ್ಲಾಂಟಾ ಸಮೀಪದ ಜಲಾಯಾ ಹಾರ್ಮನ್ ಎಂಬ ಹದಿನಾಲ್ಕರ ಹುಡುಗಿ. ಲೋಕವೆಲ್ಲ ಆ ಹೆಜ್ಜೆಗಳನ್ನು ಹಾಕುತ್ತಿದ್ದಾಗ ಅವಳ ಹೆಸರು ಎಲ್ಲಿಯೂ ಇರಲಿಲ್ಲ. 2020ರ ಫೆಬ್ರುವರಿಯಲ್ಲಿ ಪತ್ರಿಕೆಯಲ್ಲಿ ವಿಷಯ ಬಂದ ಮೇಲಷ್ಟೇ ಶಿಕಾಗೊದ ಬ್ಯಾಸ್ಕೆಟ್‌ಬಾಲ್ ಆಲ್‌ಸ್ಟಾರ್ ಪಂದ್ಯದ ವೇಳೆ ಅವಳನ್ನು ಕರೆಸಿ ಕುಣಿಸಿದರು. ಆದ್ದರಿಂದ ಒಪ್ಪಂದಕ್ಕಿಂತ ಮುಂಚೆ ನಾನು ಕೇಳುವುದು ಇಷ್ಟೇ: ನಿಮ್ಮ ಮಗಳು ಕುಣಿಯುತ್ತಿರುವುದು ಯಾರ ಸಂಯೋಜನೆ? ಇನ್ನೊಬ್ಬರದಾದರೆ ವಿಡಿಯೊದ ಕೆಳಗೆ ಅವರ ಹೆಸರು ಇದೆಯೇ? ಹದಿನೈದು ಸೆಕೆಂಡಿನ ತುಣುಕನ್ನು ನಾನು ಹೀಗಳೆಯುವುದಿಲ್ಲ. ಆದರೆ ಎದೆಯಿಂದ ಮೇಲಕ್ಕೆ, ಕೈಗಳಲ್ಲೇ ಮುಗಿಯುವಂತೆ ಕಟ್ಟಿದ ನೃತ್ಯವನ್ನಷ್ಟೇ ದಿನವೂ ಮಾಡುತ್ತಿದ್ದರೆ ಕಾಲುಗಳು ಕಲಿತದ್ದನ್ನು ಮರೆಯುತ್ತವೆ. ಈಚೆಗೆ ನನ್ನ ತರಗತಿಗೆ ಬರುವ ಮಕ್ಕಳು ತಿರುಗುವಾಗಲೂ ಮುಖವನ್ನು ಒಂದೇ ಕಡೆಗೆ ಹಿಡಿದಿರುತ್ತಾರೆ. ಕ್ಯಾಮೆರಾ ಇಲ್ಲದ ಗೋಡೆಗೂ ಅದೇ ನಗು.
— ನೃತ್ಯ ಶಿಕ್ಷಕಿ

ನಿಮ್ಮ ಪತ್ರದಲ್ಲಿ ಪತಿಯ ಅಭಿಪ್ರಾಯವಿದೆ, ಸಂಸ್ಥೆಯ ಷರತ್ತುಗಳಿವೆ, ನಿಮ್ಮ ಆತಂಕ ಬೇಕಾದಷ್ಟಿದೆ. ಮಗಳು ಈಗಾಗಲೇ ದುಡಿದದ್ದು ಯಾರ ಖಾತೆಗೆ ಹೋಗುತ್ತಿದೆ ಎಂಬ ಒಂದು ಸಾಲಿಲ್ಲ. ಮೊದಲು ಅದನ್ನು ಬರೆಯಿರಿ.
— ಹೆಸರು ಬೇಡ

ಮಾತು ಒರಟಾದರೂ ಪ್ರಶ್ನೆ ಸಾಧುವಾದದ್ದೆಂದು ಮುಂದಿನ ಪತ್ರ ತೋರಿಸುತ್ತದೆ. — ಸಂ.

1921ರಲ್ಲಿ ಚಾರ್ಲಿ ಚಾಪ್ಲಿನ್ ಜತೆ ನಟಿಸಿ ಜಗತ್ಪ್ರಸಿದ್ಧನಾದ ಬಾಲಕ ಜಾಕಿ ಕೂಗನ್, ಪ್ರಾಯಕ್ಕೆ ಬಂದಾಗ ತನ್ನ ಗಳಿಕೆಯ ಬಹುಪಾಲು ತಾಯಿ ಮತ್ತು ಮಲತಂದೆಯ ಕೈಯಲ್ಲಿ ಕರಗಿಹೋಗಿದ್ದನ್ನು ಕಂಡು 1938ರಲ್ಲಿ ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ ಕ್ಯಾಲಿಫೋರ್ನಿಯಾದಲ್ಲಿ 1939ರಲ್ಲಿ ಬಂದ ಕಾನೂನು ಅವರ ಹೆಸರಿನಿಂದಲೇ ಪ್ರಸಿದ್ಧ. ಇಂದಿನ ರೂಪದಲ್ಲಿ ಅದು ಬಾಲಕಲಾವಿದರ ಗಳಿಕೆಯಲ್ಲಿ ಶೇ 15ರಷ್ಟನ್ನು ಅವರ ಹೆಸರಿನಲ್ಲೇ ಕೂಡಿಡಬೇಕೆನ್ನುತ್ತದೆ. ಚಿತ್ರೀಕರಣದ ಸೆಟ್ಟಿಗಾಗಿ ಮಾಡಿದ ನಿಯಮ ಮನೆಯೊಳಗಿನ ಫೋನಿಗೆ ತಾಕಲು ಬಹಳ ವರ್ಷ ಹಿಡಿಯಿತು: ಫ್ರಾನ್ಸ್ 2020ರಲ್ಲಿ ಹದಿನಾರರೊಳಗಿನವರಿಗಾಗಿ ಕಾನೂನು ತಂದಿತು, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ ಅಂತರ್ಜಾಲದ ಮಕ್ಕಳಿಗೂ ಇಂತಹ ರಕ್ಷಣೆ ಜಾರಿಗೆ ಬಂತು.

ಕಾನೂನು ಒತ್ತಾಯಿಸದಿದ್ದರೂ ನೀವೇ ಇದನ್ನು ಒಪ್ಪಂದದಲ್ಲಿ ಬರೆಸಬಹುದು. ಇಂತಹ ಒಪ್ಪಂದಗಳನ್ನು ಓದುವಾಗ ಸಂಭಾವನೆಯ ಪುಟಕ್ಕಿಂತ ನಾನು ಹೆಚ್ಚು ಹೊತ್ತು ನೋಡುವುದು ಖಾತೆಯ ಒಡೆತನದ ಷರತ್ತನ್ನು. ಪಾಸ್‌ವರ್ಡ್, ಖಾತೆಗೆ ಜೋಡಿಸಿದ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಸಂಸ್ಥೆಯದಾದರೆ, ಒಪ್ಪಂದ ಮುಗಿದ ದಿನ ಮಗಳು ಬರಿಗೈಯಲ್ಲಿ ಹೊರಬರುತ್ತಾಳೆ. ಮೂರು ವರ್ಷ ಎಂದಿದ್ದೀರಿ. ಅಂದರೆ ಹದಿನಾರರಲ್ಲಿ ನೀವು ಹಾಕಿದ ಸಹಿ ಹತ್ತೊಂಬತ್ತರ ಪ್ರಾಯದವಳನ್ನು ಕಟ್ಟಿಹಾಕಲು ನೋಡುತ್ತದೆ. ಹದಿನೆಂಟು ತುಂಬಿದಾಗ ಅವಳೇ ಮುಂದುವರಿಸುವ ಅಥವಾ ಬಿಡುವ ಹಕ್ಕು ಇರಲಿ, ಗಾಯವಾದರೆ ದಂಡವಿಲ್ಲದ ವಿರಾಮವಿರಲಿ. ಇವೆರಡಕ್ಕೂ ಒಪ್ಪದ ಸಂಸ್ಥೆಗೆ ಬೇಕಾಗಿರುವುದು ನಿಮ್ಮ ಮಗಳಲ್ಲ.
— ವಕೀಲರು

ಮುಂದಿನ ಪತ್ರವನ್ನು ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ. — ಸಂ.

ನಿಮ್ಮ ಪತ್ರದಲ್ಲಿ ‘ಪತಿ ಒಪ್ಪಿದ್ದಾರೆ’ ಎಂಬ ಎರಡು ಪದಗಳ ಬಳಿಯೇ ನಾನು ನಿಂತುಬಿಟ್ಟೆ. ಹದಿನಾಲ್ಕರಲ್ಲಿ ನಾನು ಟಿವಿಯ ನೃತ್ಯ ಸ್ಪರ್ಧೆಯೊಂದರಲ್ಲಿ ಗೆದ್ದೆ. ನನ್ನ ತಂದೆಯೂ ಒಪ್ಪಿದ್ದರು. ಒಪ್ಪಿದ್ದಷ್ಟೇ ಅಲ್ಲ, ನನ್ನ ಕಾರ್ಯಕ್ರಮಗಳನ್ನು ನೋಡಿಕೊಳ್ಳಲೆಂದು ನೌಕರಿಯನ್ನೇ ಬಿಟ್ಟರು. ಅವರು ಒಳ್ಳೆಯವರು, ಒಂದು ದಿನವೂ ಗದರಿದವರಲ್ಲ. ಆದರೆ ಆ ಮೇಲೆ ಮನೆಯ ಸಾಲದ ಕಂತು ನನ್ನ ಕಾಲುಗಳ ಮೇಲೆ ನಿಂತಿತು. ಎಡಮಂಡಿ ಊದಿಕೊಂಡಾಗ ಅದು ಕಾಣದಂತೆ ವೇಷದ ಒಳಗೆ ಕ್ರೇಪ್ ಬ್ಯಾಂಡೇಜು ಸುತ್ತುವುದನ್ನು ಅಮ್ಮನೇ ಕಲಿತರು. ಹಿಮ್ಮಡಿ ಕಡೆಯಿಂದ ಸುತ್ತಿದರೆ ಮಡಿಕೆ ಕಾಣುವುದಿಲ್ಲ ಎಂಬುದು ಈಗಲೂ ನನಗೆ ನೆನಪಿದೆ. ‘ಇನ್ನು ಸಾಕು’ ಎಂದು ನಾನು ಹೇಳಿದ ದಿನ ಯಾರೂ ಕೂಗಾಡಲಿಲ್ಲ. ಅಪ್ಪ ಎದ್ದು ಲೆಕ್ಕದ ಪುಸ್ತಕ ತಂದರು, ಓದಲೂ ಇಲ್ಲ, ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಮುಂದಿನ ವಾರ ನಾನು ಮತ್ತೆ ವೇದಿಕೆ ಹತ್ತಿದೆ.

ನಮ್ಮ ಕಾಲದಲ್ಲಿ ಪ್ರೇಕ್ಷಕರು ವಾರಕ್ಕೊಮ್ಮೆ ತೀರ್ಪು ಕೊಡುತ್ತಿದ್ದರು, ಈಗ ನಿಮಿಷಕ್ಕೊಮ್ಮೆ. ಮೊದಲ ಪತ್ರದವರಿಗೆ (ನೀವು ತೋರಿಸಿದ ಪ್ರತಿಗಾಗಿ ವಂದನೆ, ಸಂಪಾದಕರೇ) ಒಂದು ಮಾತು. 10 ಕೋಟಿ ತಲುಪುವ ಕೆಲವೇ ದಿನಗಳ ಮುಂಚೆ ಚಾರ್ಲಿ ಒಂದು ಊಟದ ವಿಡಿಯೊದಲ್ಲಿ ಸೊಕ್ಕಿನಿಂದ ನಡೆದುಕೊಂಡಳೆಂದು ಜನ ತಿರುಗಿಬಿದ್ದರು. ಸುಮಾರು 10 ಲಕ್ಷ ಮಂದಿ ಬಿಟ್ಟುಹೋದರು. ತನಗೆ ಬಂದ ಸಂದೇಶಗಳನ್ನು ಹೇಳಿಕೊಂಡು ಅವಳು ಲೈವ್‌ನಲ್ಲೇ ಅತ್ತಳು. ಆಗ ಅವಳಿಗೂ ಹದಿನಾರು. ಗೆದ್ದವಳ ಕಥೆಯೇ ಹೀಗಿದೆ.

ಆದ್ದರಿಂದ ಅಮ್ಮಾ, ನಿಮ್ಮ ಮಗಳು ಕುಣಿಯಲಿ. ನಿಮ್ಮ ಪತಿ ಮಾತ್ರ ನೌಕರಿ ಬಿಡದಿರಲಿ. ಅವಳ ದುಡ್ಡಿಲ್ಲದೆಯೂ ಮನೆ ನಡೆಯುತ್ತದೆ ಎಂದಿದ್ದರೆ ಮಾತ್ರ ಅವಳಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುತ್ತದೆ. ನನಗೆ ಅದಿರಲಿಲ್ಲ.
— ಒಂದು ಕಾಲದ ನರ್ತಕಿ

ಶಾಲೆಯ ವಿಷಯವನ್ನು ಹೆಚ್ಚಿನವರು ಎತ್ತಲೇ ಇಲ್ಲ. ಎತ್ತಿದ ಒಬ್ಬರ ಪತ್ರ ಇದು. — ಸಂ.

ನನ್ನ ಮಗನೂ ಇಡೀ ದಿನ ಫೋನಿನಲ್ಲೇ ಇರುತ್ತಾನೆ, ಕುಣಿಯುವುದೂ ಇಲ್ಲ, ಓದುವುದೂ ಇಲ್ಲ. ನಿಮ್ಮ ಮಗಳು ಒಂದನ್ನಾದರೂ ಮಾಡುತ್ತಿದ್ದಾಳೆ. ಪರೀಕ್ಷೆ ಮುಗಿಯುವವರೆಗೆ ತಡೆಯಿರಿ ಎನ್ನುವುದರ ಹೊರತು ನನಗೆ ಬೇರೆ ಸಲಹೆ ತೋಚುತ್ತಿಲ್ಲ. ಈಗಿನ ಆಸಕ್ತಿ ನಿಜವಾಗಿದ್ದರೆ ಸಂಸ್ಥೆ ಅಷ್ಟು ದಿನ ಕಾಯುತ್ತದೆ.
— ಒಬ್ಬ ತಂದೆ

ಯಾರೂ ಕೇಳದಿರುವುದನ್ನು ಕೇಳುತ್ತೇನೆ: ಅವಳು ಕುಣಿಯುವ ನೆಲ ಯಾವುದು? ಒಂದು ಕಿರುವಿಡಿಯೊ ಸರಿಹೋಗಲು ಅದೇ ಜಿಗಿತವನ್ನು ಮತ್ತೆ ಮತ್ತೆ ಮಾಡುತ್ತಾರೆ. ಟೈಲ್ಸ್ ಅಥವಾ ಸಿಮೆಂಟಿನ ನೆಲ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ, ಅದೆಲ್ಲ ಮಂಡಿಗೆ ಮತ್ತು ಅದರ ಕೆಳಗಿನ ಕಾಲಿನ ಮೂಳೆಗೆ ಹೋಗುತ್ತದೆ; ನೃತ್ಯಶಾಲೆಗಳು ಅಡಿಯಲ್ಲಿ ಪುಟಿಯುವ ಮರದ ನೆಲ ಹಾಕಿಸುವುದು ಅದಕ್ಕೇ. ಮಂಡಿಯ ಕೆಳಗೆ ಕಾಲಿನ ಮುಂಭಾಗದ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಬಿಂದುವಿನಲ್ಲಿ ನೋವಿದ್ದು ರಾತ್ರಿಯೂ ಕಾಡುತ್ತಿದ್ದರೆ ಕೂಡಲೇ ಕುಣಿತ ನಿಲ್ಲಿಸಿ ವೈದ್ಯರಿಗೆ ತೋರಿಸಿ.
— ಫಿಸಿಯೋಥೆರಪಿಸ್ಟ್

ಒಪ್ಪಂದದ ಪ್ರತಿಯನ್ನು ವಕೀಲರೊಬ್ಬರಿಗೆ ತೋರಿಸುತ್ತಿರುವುದಾಗಿಯೂ ಅಲ್ಲಿಯವರೆಗೆ ಸಂಸ್ಥೆಗೆ ಉತ್ತರ ಬರೆಯುವುದಿಲ್ಲವೆಂದೂ ತಾಯಿ ತಿಳಿಸಿದ್ದಾರೆ. ಈ ಚರ್ಚೆಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ. — ಸಂ.