‘ಮಾರ್ಚುಅರಿ ಟೆಂಪಲ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಲ್ಲಿ ಒಂದು ವಿನಂತಿ. ಈಜಿಪ್ಟಿನ ಲುಕ್ಸಾರ್ ಪಟ್ಟಣಕ್ಕೆ ಎದುರಾಗಿ, ನೈಲ್ ನದಿಯ ಪಡುವಣ ದಡದಲ್ಲಿರುವ ಮೆದಿನೆತ್ ಹಾಬು ದೇಗುಲದ ವಾಸ್ತು ಮತ್ತು ಅಲಂಕರಣವನ್ನು ಕುರಿತು ಕನ್ನಡದಲ್ಲಿ ಒಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಕ್ರಿ.ಪೂ. 12ನೆಯ ಶತಮಾನದಲ್ಲಿ ಆಳಿದ ಮೂರನೆಯ ರಾಮ್ಸೆಸ್ ಕಟ್ಟಿಸಿದ ಈ ದೇಗುಲವನ್ನು ಇಂಗ್ಲಿಷ್ ಬರಹಗಳು ‘ಮಾರ್ಚುಅರಿ ಟೆಂಪಲ್’ ಎಂದೋ ‘ಮೆಮೋರಿಯಲ್ ಟೆಂಪಲ್’ ಎಂದೋ ಕರೆಯುತ್ತವೆ. ಇವೆರಡಕ್ಕೂ ಒಪ್ಪುವ ಕನ್ನಡ ಪದ ನನಗೆ ಇನ್ನೂ ದೊರೆತಿಲ್ಲ.

‘ಶವಾಗಾರ’ ಎಂದರೆ ಓದುಗರಿಗೆ ಆಸ್ಪತ್ರೆಯ ಕೋಣೆಯೇ ಕಣ್ಣಿಗೆ ಕಟ್ಟುವುದರಿಂದ ಅದನ್ನು ಕೈಬಿಟ್ಟೆ. ‘ಸಮಾಧಿ ದೇವಾಲಯ’ ಕಿವಿಗೆ ಹಿತವಾಗಿದ್ದರೂ ಅರ್ಥದಲ್ಲಿ ತಪ್ಪು. ಅರಸನನ್ನು ಹೂಳಿದ್ದು ಇಲ್ಲಿ ಅಲ್ಲ, ಬೆಟ್ಟದ ಆಚೆಗಿರುವ ಅರಸರ ಕಣಿವೆಯಲ್ಲಿ. ಅಷ್ಟೇ ಅಲ್ಲ, ಈ ದೇಗುಲದ ಮೊದಲ ಅಂಗಳಕ್ಕೆ ತೆಂಕಣ ಬದಿಯಲ್ಲಿ ಒಂದು ಅರಮನೆಯೇ ಹೊಂದಿಕೊಂಡಿತ್ತು. ಅರಸನು ಅಲ್ಲಿಗೆ ಬಂದಾಗ ಅಂಗಳದ ಕಡೆಗೆ ತೆರೆಯುವ ಕಿಟಕಿಯಲ್ಲಿ ನಿಂತು ದರ್ಶನ ಕೊಡುತ್ತಿದ್ದನು. ಪೂಜೆ ಅಮುನ್ ದೇವನಿಗೂ ಸಲ್ಲುತ್ತಿತ್ತು, ಬದುಕಿದ್ದ ಅರಸನಿಗೂ ಸಲ್ಲುತ್ತಿತ್ತು, ಅವನು ಗತಿಸಿದ ಮೇಲೆಯೂ ಮುಂದುವರಿಯಬೇಕೆಂಬ ಏರ್ಪಾಡಿತ್ತು. ಇಂಥ ಕಟ್ಟಡವನ್ನು ಸಮಾಧಿ ಎಂದರೆ ಓದುಗರ ದಾರಿ ತಪ್ಪಿಸಿದಂತಾಗುತ್ತದೆ.

‘ಸ್ಮಾರಕ ದೇಗುಲ’ ಎಂಬುದು ಎಷ್ಟೋ ವಾಸಿ. ಆದರೆ ಸ್ಮಾರಕವೆಂದರೆ ನಮ್ಮಲ್ಲಿ ಸತ್ತವರ ನೆನಪಿಗೆ ಉಳಿದವರು ಕಟ್ಟಿಸುವುದು. ನಮ್ಮ ಶಾಸನಗಳ ‘ಪರೋಕ್ಷವಿನಯ’ ಎಂಬ ಸೊಗಸಾದ ಮಾತನ್ನೂ ಯೋಚಿಸಿ ನೋಡಿದೆ. ಶ್ರವಣಬೆಳಗೊಳದಲ್ಲಿ ಗುರುವೋ ಬಂಧುವೋ ಗತಿಸಿದ ಮೇಲೆ ಅವರ ಗೌರವಾರ್ಥವಾಗಿ ನಿಸಿಧಿ ಎಂಬ ನೆನಪಿನ ಕಲ್ಲನ್ನು ನಿಲ್ಲಿಸುವುದನ್ನು ಆ ಮಾತು ಹೇಳುತ್ತದೆ. ಅಲ್ಲಿಯೂ ಕಟ್ಟಿಸಿದವರು ಬೇರೆ, ನೆನೆಯಿಸಿಕೊಂಡವರು ಬೇರೆ. ಇಲ್ಲಿ ಇಬ್ಬರೂ ಒಬ್ಬನೇ.

ಈಜಿಪ್ಟಿನವರೇ ಇಟ್ಟ ಹೆಸರನ್ನು ನೋಡಿದಾಗ ನನಗೆ ದಾರಿ ಕಂಡಂತಾಯಿತು. ಇಂಥ ದೇಗುಲಗಳನ್ನು ಅವರು ‘ದಶಲಕ್ಷಗಟ್ಟಲೆ ವರ್ಷಗಳ ಆಲಯ’ ಎನ್ನುತ್ತಿದ್ದರು. ದಶಲಕ್ಷವನ್ನು ಸೂಚಿಸುವ ಚಿತ್ರಾಕ್ಷರವು ಮಂಡಿಯೂರಿ ಎರಡು ಕೈಗಳನ್ನೂ ಮೇಲೆತ್ತಿದ ಮನುಷ್ಯನ ಆಕೃತಿ. ವರ್ಷವನ್ನು ಸೂಚಿಸುವುದು ಕಚ್ಚು ಹಾಕಿದ ತಾಳೆಗರಿಯ ದಿಂಡು. ಎಣಿಕೆಗೆ ಸಿಗದ ಕಾಲ ಎಂಬುದೇ ಇಲ್ಲಿನ ಭಾವ. ಆ ಭಾವಕ್ಕೆ ನಮ್ಮ ದಾನಶಾಸನಗಳಲ್ಲಿ ‘ಆಚಂದ್ರಾರ್ಕ’, ಅಂದರೆ ಚಂದ್ರಸೂರ್ಯರು ಇರುವವರೆಗೆ, ಎಂಬ ಮಾತು ಸಿದ್ಧವಾಗಿಯೇ ಇದೆ. ‘ಆಚಂದ್ರಾರ್ಕ ದೇಗುಲ’ ಎನ್ನಬಹುದೇ? ಮೂಲದಲ್ಲಿ ಇಲ್ಲದ ಚಂದ್ರಸೂರ್ಯರನ್ನು ತಂದಂತಾಗುತ್ತದೆ ಎಂಬ ಅಳುಕು ನನಗಿದೆ. ‘ಚಿರಕಾಲದ ದೇಗುಲ’ ಎಂದರೆ ಆ ಅಳುಕಿಲ್ಲ, ಆದರೆ ಅದು ತೀರ ಸಪ್ಪೆ.

ಇನ್ನೆರಡು ಪದಗಳು. ಮೊದಲನೆಯದು ‘ಪೈಲಾನ್’, ಅಂದರೆ ಈಜಿಪ್ಟಿನ ದೇಗುಲಗಳ ಹೆಬ್ಬಾಗಿಲ ಕಟ್ಟಡ. ಇದನ್ನು ಗೋಪುರ ಎನ್ನಲು ನನಗೆ ಮನಸ್ಸಿಲ್ಲ. ನಮ್ಮ ಗೋಪುರದಲ್ಲಿ ಬಾಗಿಲಿನ ನೆತ್ತಿಯೇ ಎಲ್ಲಕ್ಕಿಂತ ಎತ್ತರ. ಪೈಲಾನಿನಲ್ಲಿ ಬಾಗಿಲಿರುವ ನಡುಭಾಗವೇ ತಗ್ಗು, ಅದರ ಎಡಬಲಕ್ಕೆ ಮೇಲೆ ಹೋದಂತೆ ಕಿರಿದಾಗುವ ಎರಡು ಭಾರಿ ಗೋಡೆಗಟ್ಟುಗಳು ನಿಂತಿರುತ್ತವೆ. ‘ಅವಳಿಬುರುಜಿನ ಹೆಬ್ಬಾಗಿಲು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಎರಡನೆಯದು ‘ಸಂಕ್ ರಿಲೀಫ್’, ನನ್ನನ್ನು ಬಹಳ ಕಾಡಿದ ಪದ. ಹಳೇಬೀಡಿನ ಗೋಡೆಗಳಂತೆ ಹಿನ್ನೆಲೆಯ ಕಲ್ಲನ್ನು ತೆಗೆದು ಆಕೃತಿಯನ್ನು ಮುಂದಕ್ಕೆ ತಂದರೆ ಅದು ಉಬ್ಬುಶಿಲ್ಪ. ಮೆದಿನೆತ್ ಹಾಬುವಿನ ಹೊರಗೋಡೆಗಳಲ್ಲಿ ಹಿನ್ನೆಲೆಯನ್ನು ಇದ್ದಂತೆಯೇ ಬಿಟ್ಟು, ಆಕೃತಿಯ ಅಂಚನ್ನು ಆಳವಾಗಿ ಕೊರೆದು, ಆ ತಗ್ಗಿನೊಳಗೆ ಮೈಯನ್ನು ತಿದ್ದಿದ್ದಾರೆ. ಆಕೃತಿ ಗೋಡೆಯ ಮಟ್ಟವನ್ನು ದಾಟಿ ಹೊರಗೆ ಬರುವುದಿಲ್ಲ. ಮೊದಲ ಹೆಬ್ಬಾಗಿಲಿನ ತೆಂಕಣ ಬುರುಜಿನ ಹಿಂಬದಿಯಲ್ಲಿ ಅರಸನು ಕಾಡುಹೋರಿಗಳನ್ನು ಬೇಟೆಯಾಡುವ ದೃಶ್ಯವಿದೆ. ಜೊಂಡಿನ ನಡುವೆ ಕುಸಿದ ಹೋರಿಯ ಬೆನ್ನಿನ ಗೆರೆಯನ್ನು ಬಿಡಿಸಿರುವುದು ಅಂಚಿನ ಕೊರೆತದಲ್ಲಿ ನಿಲ್ಲುವ ನೆರಳೇ. ಪ್ರಖರವಾದ ಬಿಸಿಲಿನ ನಾಡಿಗೆ ಈ ವಿಧಾನ ಎಷ್ಟು ಒಪ್ಪುತ್ತದೆ ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ. ಅರಸನ ಹೆಸರಿನ ಅಕ್ಷರಗಳಂತೂ ಕೈ ತೂರಿಸಬಹುದಾದಷ್ಟು ಆಳ. ಮುಂದಿನವರು ಕೆರೆದು ತಮ್ಮ ಹೆಸರು ಹಾಕಿಕೊಳ್ಳದಿರಲೆಂದು ಹಾಗೆ ಕೊರೆಸಿದನೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಈ ಕೆತ್ತನೆಗಳಿಗೆ ಬಣ್ಣವೂ ಇತ್ತು. ಎರಡನೆಯ ಅಂಗಳದ ಕೈಸಾಲೆಗಳಲ್ಲಿ, ಬಿಸಿಲು ತಾಗದ ಮೇಲ್ಗಲ್ಲುಗಳ ಅಡಿಯಲ್ಲಿ, ನೀಲಿ ಮತ್ತು ಕೆಂಪು ಇಂದಿಗೂ ಕಾಣುತ್ತವೆ.

ಇದಕ್ಕೆ ‘ತಗ್ಗುಶಿಲ್ಪ’ ಎನ್ನೋಣವೆಂದರೆ, ಉಬ್ಬು ಕಡಿಮೆ ಇರುವ ‘ಲೋ ರಿಲೀಫ್’ ಎಂದು ಓದುಗರು ತಿಳಿಯುವ ಅಪಾಯವಿದೆ. ‘ಒಳಗೆತ್ತನೆ’, ‘ಕೊರೆಶಿಲ್ಪ’ ಎಂಬ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಮೊದಲನೆಯದರ ಕಡೆಗೆ ನನ್ನ ಒಲವು. ಶಿವಾರಪಟ್ಟಣದಲ್ಲಾಗಲಿ ಕಾರ್ಕಳದಲ್ಲಾಗಲಿ ಕಲ್ಲುಕೆತ್ತನೆಯ ಕೆಲಸ ಮಾಡುವವರ ಒಡನಾಟ ಇರುವವರು ನಿಮ್ಮಲ್ಲಿ ಇದ್ದರೆ, ಗೋಡೆಯ ಮಟ್ಟದೊಳಗೇ ಉಳಿಯುವ ಇಂಥ ಕೆತ್ತನೆಯನ್ನು ಅವರು ಏನೆಂದು ಕರೆಯುತ್ತಾರೆ ಎಂಬುದನ್ನು ದಯವಿಟ್ಟು ಕೇಳಿ ತಿಳಿಸಿ. ಅವರ ಬಾಯಲ್ಲಿ ಪದವಿದ್ದರೆ ನಾನು ಕಟ್ಟಿದ ಎರಡನ್ನೂ ಬಿಟ್ಟು ಅದನ್ನೇ ಬಳಸುತ್ತೇನೆ.